ಅಂಗಿ ಒಳಗಾ, ಹೊರಗಾ? ಮಿಲಿಟ್ರಿ ಡ್ರೆಸ್ ಬದಲಾದದ್ದು ಸರಿನಾ?

ಕುವೆಂಪುನಗರ ಕಿಟ್ಟಿ:
ಹೋದ ಭಾನುವಾರ ಬಸರಾಳು ಕಡೆ ಮಾವನ ಮನೆಗೆ ಹೋಗಿದ್ದೆ. ಭಾಮೈದ ಹವಾಲ್ದಾರ್, ರಜೆಗೆ ಬಂದಿದ್ದಾನೆ. ಮಾವನೂ ಸೇನೆಯಲ್ಲಿದ್ದವರೇ, ಸುಬೇದಾರ್ ಆಗಿ ನಿವೃತ್ತರಾದರು. ಭಾಮೈದನ ಹೊಸ ಕಾಂಬ್ಯಾಟ್ ಡ್ರೆಸ್ (ಯುದ್ಧಭೂಮಿಯಲ್ಲಿ ಹಾಕುವ ಮಚ್ಚೆ ಮಚ್ಚೆ ಡ್ರೆಸ್) ಒಗೆದು ತಂತಿ ಮೇಲೆ ಹಾಕಿದ್ದರು. ಮಾವ ಅದರ ತೋಳು ಹಿಡಿದು ನೋಡಿ, "ಇದುನ್ನ ಇನ್ ಮಾಡಕಿಲ್ವಂತಲ್ಲೋ? ಗದ್ದೆಗೆ ನೀರು ಕಟ್ಟಕ್ ಹೋಗೋನಂಗೆ ಅಂಗಿ ಆಚೆ ಬಿಟ್ಕಂಡು ಡ್ಯೂಟಿ ಮಾಡ್ತೀರಾ?" ಅಂದರು. ಮಗ "ಈಗ ರೂಲೇ ಹಂಗೆ ಕಣಪ್ಪ" ಅಂದ. ಅಲ್ಲಿ ಶುರುವಾದ ಜಗಳ ಎಲೆ ಹಾಕುವ ತನಕ ನಿಲ್ಲಲಿಲ್ಲ.

ಗೊತ್ತಿಲ್ಲದವರಿಗೆ: ಈ ಡ್ರೆಸ್ ಮೊದಲು ಕಂಡದ್ದು 2022ರ ಜನವರಿ 15ರ ಸೇನಾ ದಿನದ ಪರೇಡ್‌ನಲ್ಲಿ. ನಿಫ್ಟ್ (ಕೇಂದ್ರ ಸರ್ಕಾರದ ಫ್ಯಾಷನ್ ಸಂಸ್ಥೆ) ಜೊತೆ ಸೇರಿ ಮಾಡಿದ ವಿನ್ಯಾಸ. ಚಿಕ್ಕ ಚಿಕ್ಕ ಚೌಕದ ಮಚ್ಚೆ, ಹಸಿರು ಮತ್ತು ಮಣ್ಣಿನ ಬಣ್ಣ. ಬೆಲ್ಟು ಅಂಗಿಯ ಒಳಗೆ ಹೋಗುತ್ತೆ. ಆಮೇಲೆ ಬ್ರಿಗೇಡಿಯರ್‌ಗಳ ಟೋಪಿ ಬದಲಾಯಿತು, ನೌಕಾಪಡೆಯ ಹೆಗಲ ಪಟ್ಟಿ ಬದಲಾಯಿತು. ಇಷ್ಟೆಲ್ಲ ಬೇಕಿತ್ತಾ? ಇಲ್ಲಿ ಸರ್ವಿಸ್ ಮಾಡಿದವರು ಇದ್ದೀರಿ, ಹೇಳಿ.

ಮದ್ದೂರು ವಡೆ:
ಸುಮ್ನೆ ಶೋಕಿ ಸರ್. ಡ್ರೆಸ್ ಬದಲಾಯಿಸಿದರೆ ಯುದ್ಧ ಗೆಲ್ತಾರಾ? ನಮ್ಮೂರಲ್ಲಿ ಮಿಲಿಟ್ರಿ ಹೋಟೆಲ್ ಬೋರ್ಡು ಬದಲಾಯಿಸಿದರು, ಸಾರು ಮಾತ್ರ ಅದೇ ನೀರು.

ಹಳೇ ಹವಾಲ್ದಾರ್ ನಾಗಮಂಗಲ:
ವಡೆ ಸಾಹೇಬರೇ, ಮೇ ತಿಂಗಳಲ್ಲಿ ರಾಜಸ್ಥಾನದಲ್ಲಿ ದಪ್ಪ ಬಟ್ಟೆ ಹಾಕಿ, ಅಂಗಿ ಇನ್ ಮಾಡಿ, ಮೇಲೆ ಬೆಲ್ಟ್ ಬಿಗಿದು ನಾಲ್ಕು ಗಂಟೆ ನಿಂತು ನೋಡಿ. ಸೊಂಟದ ಸುತ್ತ ಬೆವರು ಇಳಿದು ಚರ್ಮ ಸುಲಿಯುತ್ತೆ. ನನಗೆ ಬಲಗಡೆ ಕಪ್ಪು ಗುರುತು ಇವತ್ತಿಗೂ ಇದೆ. ಅಂಗಿ ಹೊರಗಿದ್ದರೆ ಗಾಳಿ ಆಡುತ್ತೆ, ಬಗ್ಗಿ ಏಳುವುದಕ್ಕೆ ಸಲೀಸು. ಆದ್ದರಿಂದ ಕಾಂಬ್ಯಾಟ್ ಡ್ರೆಸ್‌ಗೆ ನನ್ನ ಓಟು ಇದೆ. ಕಿಟ್ಟಿಯವರ ಮಾವನಿಗೆ ನಮಸ್ಕಾರ ಹೇಳಿ, ಆದರೆ ಈ ವಿಷಯದಲ್ಲಿ ಅವರದು ತಪ್ಪು.

ನನಗೆ ಹೊಟ್ಟೆ ಉರಿದದ್ದು 2023ರ ಆಗಸ್ಟ್ 1ರಿಂದ ಬಂದ ರೂಲಿಗೆ. ಬ್ರಿಗೇಡಿಯರ್ ಮತ್ತು ಅದರ ಮೇಲಿನವರೆಲ್ಲ ಒಂದೇ ಥರದ ಟೋಪಿ, ಒಂದೇ ಬೆಲ್ಟು, ಒಂದೇ ಶೂ, ಒಂದೇ ಥರದ ರ‍್ಯಾಂಕ್ ಬಿಲ್ಲೆ. ಲ್ಯಾನ್ಯಾರ್ಡ್ (ಹೆಗಲಿಗೆ ಕಟ್ಟುವ ಹೆಣೆದ ಹುರಿ) ಇಲ್ಲವೇ ಇಲ್ಲ. ಮುಂಚೆ ಪ್ಯಾರಾದವರು (ಪ್ಯಾರಾಚೂಟ್‌ನಲ್ಲಿ ಇಳಿಯುವವರು) ಅಂದರೆ ಮರೂನ್ ಟೋಪಿ, ಟ್ಯಾಂಕಿನವರು ಅಂದರೆ ಕಪ್ಪು, ಗೂರ್ಖಾ, ಕುಮಾಂವ್, ಗಢವಾಲ್ ಅಂದರೆ ಅಗಲದ ಹ್ಯಾಟು. ರೈಫಲ್ ರೆಜಿಮೆಂಟಿನ ಆಫೀಸರ್‌ಗಳ ಸ್ಟಾರು ಕಪ್ಪಗಿರುತ್ತಿತ್ತು. ದೂರದಿಂದಲೇ ಯಾವ ಮನೆಯ ಮಗ ಅಂತ ಗೊತ್ತಾಗುತ್ತಿತ್ತು. 'ನಾಮ್, ನಮಕ್, ನಿಶಾನ್' (ಹೆಸರು, ಉಪ್ಪಿನ ಋಣ, ಗುರುತು) ಅಂತ ಹೇಳಿಕೊಟ್ಟು ಬೆಳೆಸಿದವರು, ಮೇಲೆ ಹೋದ ಕೂಡಲೇ ನಿಶಾನಿ ಕಿತ್ತಿಟ್ಟರು.

ಮೇಷ್ಟ್ರು, ಸರಸ್ವತಿಪುರಂ:
ಹವಾಲ್ದಾರರೇ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಬ್ರಿಗೇಡಿಯರ್ ಕೈಕೆಳಗೆ ಬೇರೆ ಬೇರೆ ರೆಜಿಮೆಂಟಿನವರು ಇರುತ್ತಾರೆ ಅಲ್ವಾ? ತಲೆ ಮೇಲೆ ತನ್ನ ತವರಿನ ಟೋಪಿ ಇಟ್ಟುಕೊಂಡು ಕೂತರೆ, ಎದುರಿಗೆ ನಿಂತ ಬೇರೆ ರೆಜಿಮೆಂಟಿನ ಹುಡುಗನಿಗೆ ಏನನ್ನಿಸುತ್ತೆ? ಕರ್ನಲ್ ಮತ್ತು ಕೆಳಗಿನವರಿಗೆ ಹಳೆಯದೇ ಇದೆ. ಗೆರೆ ಎಲ್ಲಿ ಎಳೆಯಬೇಕೋ ಅಲ್ಲೇ ಎಳೆದಿದ್ದಾರೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಬದಲಾವಣೆ ಅಂದ ಕೂಡಲೇ ಬೆಚ್ಚಿಬೀಳುವವರು 1950 ನೆನಪಿಸಿಕೊಳ್ಳಬೇಕು. ಆ ಜನವರಿ 26ಕ್ಕೆ ಮುಂಚೆ ಮೇಜರ್ ಹೆಗಲ ಮೇಲಿದ್ದದ್ದು ಬ್ರಿಟಿಷ್ ಕಿರೀಟ. ಆ ಜಾಗಕ್ಕೆ ಅಶೋಕ ಸಿಂಹ ಬಂತು. ನಮ್ಮ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದರಲ್ಲ, ಆಗಿನ್ನೂ ಹೆಗಲಿಗೆ ಕಿರೀಟವೇ. ಒಂದು ವರ್ಷದ ಮೇಲೆ ಸಿಂಹ ಕೂತಿತು. ಅದರಿಂದ ಕಾರ್ಯಪ್ಪನವರ ತೂಕ ಏನೂ ಕಡಿಮೆಯಾಗಲಿಲ್ಲ.

ಕುವೆಂಪುನಗರ ಕಿಟ್ಟಿ:
ಮೇಷ್ಟ್ರೇ, ಸಿಂಹ ದೊಡ್ಡದಾ ಕತ್ತಿ ದೊಡ್ಡದಾ? ನನಗೆ ಯಾವಾಗಲೂ ಗೊಂದಲ.

ಹಳೇ ಹವಾಲ್ದಾರ್ ನಾಗಮಂಗಲ:
ನಾನು ಹೇಳ್ತೀನಿ. ಎರಡು ಸ್ಟಾರ್ ಲೆಫ್ಟಿನೆಂಟ್, ಮೂರು ಕ್ಯಾಪ್ಟನ್. ಬರೀ ಸಿಂಹ ಮೇಜರ್. ಸಿಂಹದ ಜೊತೆ ಒಂದು ಸ್ಟಾರ್ ಲೆಫ್ಟಿನೆಂಟ್ ಕರ್ನಲ್, ಎರಡು ಕರ್ನಲ್, ಮೂರು ಬ್ರಿಗೇಡಿಯರ್. ಕತ್ತಿ-ಕೋಲು ಅಡ್ಡಡ್ಡ ಇದ್ದರೆ ಜನರಲ್‌ಗಳ ಸಾಲು. ನಮ್ಮ ಕಡೆ ತೋಳಿನ ಮೇಲೆ ಪಟ್ಟಿ: ಒಂದು ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್.

ತಮಾಷೆ ಇರುವುದು ನಮಗಿಂತ ಮೇಲೆ, ಲೆಫ್ಟಿನೆಂಟ್‌ಗಿಂತ ಕೆಳಗೆ ಇರುವ ಸುಬೇದಾರ್ ಮೇಜರ್ ಹತ್ತಿರ. ಅವರಿಗೂ ಸಿಂಹ, ಮೇಜರ್‌ಗೂ ಸಿಂಹ. ಸುಬೇದಾರ್ ಮೇಜರ್‌ಗೆ ಕೆಂಪು-ಹಳದಿ ಪಟ್ಟಿಯೂ ಇರುತ್ತೆ. ನಾನು ಹೊಸದಾಗಿ ಸೇರಿದಾಗ ಆ ಪಟ್ಟಿ ನೋಡಿ ಕನ್ನಡ ಬಾವುಟ ಅಂದುಕೊಂಡು, 'ಸಾಬ್ ನಮ್ಮ ಕಡೆಯವರಾ' ಅಂತ ಕನ್ನಡದಲ್ಲೇ ಕೇಳಿಬಿಟ್ಟಿದ್ದೆ. ಅವರು ಕೇರಳದವರು. ಮೈದಾನ ಮೂರು ಸುತ್ತು ಓಡಿಸಿದರು.

ಸೂಜಿ ದಾರ, ಲಷ್ಕರ್ ಮೊಹಲ್ಲಾ:
ಹೆಸರಲ್ಲೇ ಲಷ್ಕರ್ ಇರೋ ಮೊಹಲ್ಲಾದಲ್ಲಿ ನಮ್ಮ ಅಪ್ಪನ ಕಾಲದಿಂದ ಟೈಲರ್ ಅಂಗಡಿ. ಪೊಲೀಸ್, ಎನ್‌ಸಿಸಿ, ಬ್ಯಾಂಡ್‌ಸೆಟ್, ಎಲ್ಲ ಹೊಲಿದಿದ್ದೀವಿ. ಹೆಗಲ ಪಟ್ಟಿ ಹೊಲಿಯುವುದು ಎಷ್ಟು ಕಷ್ಟ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಒಳಗೆ ಬಕ್ರಂ (ಬಿರುಸು ಬಟ್ಟೆ) ಜಾಸ್ತಿ ಆದರೆ ಹಲಗೆ ಥರ ನಿಲ್ಲುತ್ತೆ, ಕಡಿಮೆ ಆದರೆ ಸ್ಟಾರಿನ ತೂಕಕ್ಕೆ ಜೋತುಬೀಳುತ್ತೆ. ಕಾಜ ಒಂದು ನೂಲು ಆಚೀಚೆ ಆದರೂ ಮೂರು ಸ್ಟಾರ್ ಸಾಲು ಸೊಟ್ಟ. ಅಪ್ಪ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ, ಅಳಿಸಿ, ಮತ್ತೆ ಗುರುತು ಮಾಡುತ್ತಿದ್ದರು.

ಹೊಸ ಕಾಂಬ್ಯಾಟ್ ಬಟ್ಟೆ 70 ಪಾಲು ಹತ್ತಿ, 30 ಪಾಲಿಯೆಸ್ಟರ್. ಬೇಗ ಒಣಗುತ್ತೆ, ಒಪ್ಪಿದೆ. ಆದರೆ ವಿನ್ಯಾಸ ಸೇನೆ ಹೆಸರಲ್ಲಿ ನೋಂದಣಿ ಆಗಿದೆ. ಹೊರಗಿನವರು ಹೊಲಿದು ಮಾರುವಂತಿಲ್ಲ. ಒಬ್ಬ ಸಗಟು ವ್ಯಾಪಾರಿ 'ಸೇಮ್ ಟು ಸೇಮ್' ಅಂತ ಎರಡು ಥಾನು (ಬಟ್ಟೆ ಸುರುಳಿ) ನನಗೆ ಕಟ್ಟಿಬಿಟ್ಟ. ವಿಷಯ ಗೊತ್ತಾದ ಮೇಲೆ ವಾಪಸ್ ತಗೋ ಅಂದರೆ ಫೋನೇ ಎತ್ತಲಿಲ್ಲ. ಇವತ್ತಿಗೂ ಅಟ್ಟದ ಮೇಲೆ ಬಿದ್ದಿದೆ. ದೇಶದ ಭದ್ರತೆ ಅಂದರೆ ನಾನು ಸುಮ್ಮನಾಗ್ತೀನಿ. ಆದರೂ ಎರಡು ಥಾನು ಎರಡು ಥಾನೇ.

ಮದ್ದೂರು ವಡೆ:
ಅಣ್ಣ, ದಿಂಬಿನ ಕವರ್ ಹೊಲಿದುಬಿಡಿ!

ಸೌಮ್ಯ, ಹೆಬ್ಬಾಳು:
ದಿಂಬಿನ ಕವರೂ ಬೇಡ, ನಾಳೆ ಯಾರಾದರೂ ಕೇಳಿಯಾರು. ನಮ್ಮನೆಯವರು ಸರ್ವಿಸ್‌ನಲ್ಲಿದ್ದಾರೆ. ನೀವೆಲ್ಲ ಹೆಮ್ಮೆ, ಇತಿಹಾಸ ಅಂತೀರಿ. ಒಗೆಯುವವರನ್ನೂ ಕೇಳಿ. ನಮ್ಮತ್ತೆ ಮಾವನ ಹಸಿರು ಯೂನಿಫಾರ್ಮಿಗೆ ಅನ್ನದ ಗಂಜಿ ಹಾಕಿ, ಅರ್ಧ ಒಣಗಿದಾಗ ಮಡಚಿಟ್ಟು, ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದರಂತೆ. ತೋಳಿನ ಗೀಟು ಚಾಕು ಥರ ಇರಬೇಕಿತ್ತಂತೆ. ಬಿಲ್ಲೆಗೆಲ್ಲ ಬ್ರಾಸೋ ಹಾಕಿ ಉಜ್ಜಿ ಉಜ್ಜಿ ಉಗುರು ಕಪ್ಪಾಗುತ್ತಿತ್ತು ಅಂತ ಇವತ್ತಿಗೂ ಹೇಳ್ತಾರೆ. ಈಗ ಆ ಕಾಟ ಅರ್ಧ ಕಡಿಮೆ. ಬದಲಾವಣೆ ಬೇಡ ಅನ್ನುವ ಹಿರಿಯರಲ್ಲಿ ಎಷ್ಟು ಜನ ತಮ್ಮ ಬಟ್ಟೆ ತಾವೇ ಒಗೆದಿದ್ದಾರೆ?

ಹಳೇ ಹವಾಲ್ದಾರ್ ನಾಗಮಂಗಲ:
ಸೌಮ್ಯಮ್ಮ, ಬ್ಯಾರಕ್‌ನಲ್ಲಿ ನಾವೇ ಒಗೆಯುತ್ತಿದ್ದೆವು. ರಜೆಗೆ ಬಂದಾಗ ಮಾತ್ರ… ಆಯ್ತು, ಒಪ್ಪಿದೆ.

ಹಿರೋಡೆ ಹುಡುಗ, ಪಾಂಡವಪುರ:
ನೌಕಾಪಡೆ ವಿಷಯ ಯಾರೂ ಎತ್ತಲಿಲ್ಲ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್ ಸೇರ್ಪಡೆಯಾದ ದಿನ, ನೌಕಾಪಡೆ ಬಾವುಟದಿಂದ ಬ್ರಿಟಿಷರ ಕಾಲದ ಸೇಂಟ್ ಜಾರ್ಜ್ ಶಿಲುಬೆ ತೆಗೆದು ಎಂಟು ಮೂಲೆಯ ಲಾಂಛನ ಹಾಕಿದರು. 2023ರ ಡಿಸೆಂಬರ್‌ನಲ್ಲಿ ಅಡ್ಮಿರಲ್‌ಗಳ ಹೆಗಲ ಪಟ್ಟಿಯೂ ಬದಲಾಯಿತು. ಶಿವಾಜಿ ಮಹಾರಾಜರ ರಾಜಮುದ್ರೆಯಿಂದ ಸ್ಫೂರ್ತಿ ಅಂತ ಹೇಳಿದರು. ಸರಿ, ಅವರು ಹಡಗು ಕಟ್ಟಿಸಿದವರು. ನಮ್ಮ ಕಡೆಯಿಂದಲೂ ಏನಾದರೂ ಇರಬೇಡವಾ? ಶ್ರೀರಂಗಪಟ್ಟಣದ ಗುಂಬಜ್ ಒಳಗೆ ಗೋಡೆ ತುಂಬ ಹುಲಿ ಪಟ್ಟೆ ಇದೆ. ಟಿಪ್ಪು ಸೈನಿಕರ ಅಂಗಿಯಲ್ಲೂ ಅದೇ ಪಟ್ಟೆ ಇತ್ತು. ನಮ್ಮೂರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದದ್ದೇ ಅವರ ಸೇನೆಯಲ್ಲಿದ್ದ ಫ್ರೆಂಚರಿಂದ.

ಚಾವಡಿ ನಿರ್ವಾಹಕ:
ಟಿಪ್ಪು ಬಗ್ಗೆ ಈ ಎಳೆಯಲ್ಲಿ ಬೇಡ. ಹೋದ ಸಲ 400 ಕಾಮೆಂಟ್ ಅಳಿಸಿ ನನ್ನ ಕೈ ಬಿದ್ದುಹೋಗಿತ್ತು. ಬಟ್ಟೆ ಮಾತಾಡಿ.

ಮೇಷ್ಟ್ರು, ಸರಸ್ವತಿಪುರಂ:
ಬಟ್ಟೆಗೇ ಬರ್ತೀನಿ. ನೌಕಾಪಡೆ ಬಾವುಟದ ಆ ಶಿಲುಬೆ 2001ರಲ್ಲೇ ಒಮ್ಮೆ ಹೋಗಿತ್ತು. ನೀಲಿ ಲಾಂಛನ ಕಡಲು, ಆಕಾಶದ ಬಣ್ಣದಲ್ಲಿ ಕಲಸಿಹೋಗಿ ಕಾಣುತ್ತಿಲ್ಲ ಅಂತ ದೂರು ಬಂದು 2004ರಲ್ಲಿ ವಾಪಸ್ ಬಂತು. ಅಂದರೆ ಕಾಗದದ ಮೇಲೆ ಚೆನ್ನಾಗಿದ್ದದ್ದು ಹಡಗಿನ ಮೇಲೆ ಸೋತಿತು. ಗುರುತು ಬದಲಾಯಿಸುವವರು ಮೊದಲು ದೂರ ನಿಂತು ನೋಡಬೇಕು, ಸೂಜಿ ದಾರ ಅವರ ತಂದೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಹಾಗೆ.

ಹಿರೋಡೆ ಹುಡುಗನಿಗೆ: ನಮ್ಮ ಕಡೆಯದೂ ಇದೆಯಪ್ಪ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಸ್ವಾತಂತ್ರ್ಯದ ನಂತರ 61ನೇ ಕ್ಯಾವಲ್ರಿಗೆ ಸೇರಿಹೋದರು. ಗಂಡಭೇರುಂಡ ಇದ್ದ ಒಂದು ಹಿತ್ತಾಳೆ ಗುಂಡಿ ನಮ್ಮ ಮನೆಯಲ್ಲಿದೆ. ಅಜ್ಜಿ ಅದನ್ನು ಅರಿಶಿನ ಕುಂಕುಮದ ಬಟ್ಟಲಲ್ಲಿ ಇಟ್ಟಿದ್ದರು. ರೆಜಿಮೆಂಟು ಹೋಯಿತು, ಗುಂಡಿ ಉಳಿಯಿತು. ಇದನ್ನು ಬರೆಯುತ್ತಾ ಬರೆಯುತ್ತಾ ಹವಾಲ್ದಾರರ ಪಕ್ಷಕ್ಕೆ ನಾನೂ ಸ್ವಲ್ಪ ವಾಲುತ್ತಿದ್ದೇನೆ ಅನ್ನಿಸುತ್ತಿದೆ.

ಸೌಮ್ಯ, ಹೆಬ್ಬಾಳು:
ಹೆಸರು ಬದಲಾದಾಗಲೂ ಹೀಗೇ ಗಲಾಟೆ ಆಗಿತ್ತಾ ಮೇಷ್ಟ್ರೇ? ನಮ್ಮ ಮಾವನ ಅಪ್ಪ ಜಮಾದಾರ್ ಆಗಿದ್ದರಂತೆ. ಈಗ ಆ ರ‍್ಯಾಂಕೇ ಇಲ್ಲ ಅಂತಾರೆ.

ಮೇಷ್ಟ್ರು, ಸರಸ್ವತಿಪುರಂ:
ರ‍್ಯಾಂಕ್ ಇದೆ, ಹೆಸರು ಹೋಯಿತು. 1965ರಿಂದ ನಾಯಬ್ ಸುಬೇದಾರ್. ಉತ್ತರದ ಕಡೆ ಜಮಾದಾರ್ ಅಂದರೆ ಕಸ ಗುಡಿಸುವವರು ಅಂತ ಆಗಿಬಿಟ್ಟಿತ್ತು. ನಮ್ಮಲ್ಲಿ ದಫೇದಾರ್ ಇನ್ನೂ ಡಿಸಿ ಆಫೀಸಿನ ಬಾಗಿಲಲ್ಲಿ ಪಟ್ಟಿ ಬಿಗಿದುಕೊಂಡು ನಿಂತಿದ್ದಾನೆ. ಅದೇ ದಫೇದಾರ್ ಕುದುರೆ ಪಡೆಯಲ್ಲಿ ಹವಾಲ್ದಾರನ ಸಮ.

ಮದ್ದೂರು ವಡೆ:
ನಮ್ಮ ಪೊಲೀಸರಿಗೂ 2025ರಲ್ಲಿ ಸ್ಲೋಚ್ ಹ್ಯಾಟ್ (ಒಂದು ಕಡೆ ಅಂಚು ಮಡಚಿದ ಅಗಲದ ಹ್ಯಾಟು) ಹೋಗಿ ನೀಲಿ ಟೋಪಿ ಬಂತಲ್ಲ. ನಮ್ಮ ಚಿಕ್ಕಪ್ಪ ಕಾನ್‌ಸ್ಟೇಬಲ್. ಬಂದೋಬಸ್ತ್ ಡ್ಯೂಟಿಯಲ್ಲಿ ಓಡಿದರೆ ಹಳೇ ಹ್ಯಾಟು ಹಾರಿ ಬೀಳುತ್ತಿತ್ತು, ಮೊದಲು ಹ್ಯಾಟು ಹಿಡೀಬೇಕೋ ಕಳ್ಳನ್ನ ಹಿಡೀಬೇಕೋ ಅನ್ನೋರು. ಶೋಕಿ ಅಂದ ಮಾತು ಅರ್ಧ ವಾಪಸ್ ತಗೊಂಡೆ. ಕೆಲಸ ಹಗುರ ಆಗೋ ಬದಲಾವಣೆ ಬೇಕು. ಬರೀ ಬಿಲ್ಲೆ ಬದಲಾಯಿಸೋದಕ್ಕೆ ಮಾತ್ರ ನನ್ನ ವಿರೋಧ.

ಹಳೇ ಹವಾಲ್ದಾರ್ ನಾಗಮಂಗಲ:
ಬರೀ ಬಿಲ್ಲೆ ಅನ್ನಬೇಡಿ. ನಾಯಕ್ ಆದ ದಿನ ಎರಡನೇ ಪಟ್ಟಿ ನಾನೇ ಸೂಜಿ ಹಿಡಿದು ಹೊಲಿದುಕೊಂಡೆ. ಬೆರಳಿಗೆ ಚುಚ್ಚಿ ರಕ್ತ ಬಂತು. ಆ ಅಂಗಿ ಮನೆಯಲ್ಲಿದೆ. ಕಲೆ ಹೋಗಿಲ್ಲ, ಒಗೆಯಲೂ ಬಿಟ್ಟಿಲ್ಲ.

ಕುವೆಂಪುನಗರ ಕಿಟ್ಟಿ:
ಬಸರಾಳಿನಿಂದ ಈಗ ತಾನೇ ಹೆಂಡತಿ ಫೋನ್ ಮಾಡಿದ್ದಳು. ಮಗ ಸ್ನಾನಕ್ಕೆ ಹೋಗಿದ್ದಾಗ ಮಾವ ಕೋಣೆ ಬಾಗಿಲು ಹಾಕಿಕೊಂಡು ಅವನ ಹೊಸ ಜಾಕೆಟ್ ಹಾಕಿ ನೋಡಿದ್ದಾರೆ. ಅತ್ತೆ ಕಿಟಕಿಯಲ್ಲಿ ಇಣುಕಿದರಂತೆ.

ಸೂಜಿ ದಾರ, ಲಷ್ಕರ್ ಮೊಹಲ್ಲಾ:
ಫೋಟೋ ಗೀಟೋ ಹಾಕಬೇಡಿ ಸರ್. ಭಾರತೀಯ ನ್ಯಾಯ ಸಂಹಿತೆ 168ನೇ ಸೆಕ್ಷನ್ ಇದೆ. ಸೈನಿಕ ಅಂತ ನಂಬಿಸೋಕೆ ಡ್ರೆಸ್ ಹಾಕಿದರೆ 3 ತಿಂಗಳ ತನಕ ಜೈಲು, ಇಲ್ಲ 2000 ರೂಪಾಯಿ ತನಕ ದಂಡ, ಇಲ್ಲ ಎರಡೂ. ಥಾನು ವಾಪಸ್ ಮಾಡೋಕೆ ಓಡಾಡುವಾಗ ಓದಿಕೊಂಡಿದ್ದು. ಮನೆ ಒಳಗೆ ಹಾಕಿಕೊಂಡಿದ್ದಕ್ಕೆ ಏನಿಲ್ಲ ಬಿಡಿ. ಅಳತೆ ಸರಿಹೋಯ್ತಾ?

ಕುವೆಂಪುನಗರ ಕಿಟ್ಟಿ:
ಹೊಟ್ಟೆ ಹತ್ತಿರ ಬಿಗಿ. ಆದರೂ ಕನ್ನಡಿ ಮುಂದೆ ನೆಟ್ಟಗೆ ನಿಂತು ಪಂಚೆಗೆ ಇನ್ ಮಾಡಿಕೊಂಡಿದ್ದರಂತೆ.