ಹಳೆ ರಿವಾಲ್ವರ್ ಕೊಳ್ಳುವ ಮುಂಚೆ: ಕೋವಿ ರಿಪೇರಿಯವರಿಗೆ ಕೇಳಿ

ಪ್ರಶ್ನೆ (ಮೂಡಿಗೆರೆ ಕಡೆಯ ಸದಸ್ಯರು):
ನಮಸ್ಕಾರ ಸಾರ್. ನನ್ನದು ಕಾಫಿ ತೋಟ, ಒಂಟಿ ಮನೆ. ಅಪ್ಪನ ಕಾಲದ ಜೋಡಿನಳಿಗೆ ಕೋವಿ ನನ್ನ ಹೆಸರಿಗೆ ಆಗಿದೆ, ಲೈಸೆನ್ಸ್ ಚಾಲ್ತಿಯಲ್ಲಿದೆ. ಈಗ ಪರಿಚಯದ ಹಿರಿಯರೊಬ್ಬರು ತಮ್ಮ .32 (ಗುಂಡಿನ ಅಳತೆ, ಇಂಚಿನಲ್ಲಿ) ರಿವಾಲ್ವರ್ ಮಾರುತ್ತೇನೆ ಎನ್ನುತ್ತಿದ್ದಾರೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯದು. ನೋಡಲು ಫಳಫಳ ಹೊಳೆಯುತ್ತದೆ. ಮನೆಯ ರಕ್ಷಣೆಗೂ ಆಯಿತು, ಭಾನುವಾರ ಟಾರ್ಗೆಟ್ ಹೊಡೆಯಲಿಕ್ಕೂ ಆಯಿತು ಅಂತ ಆಸೆ. ಮುಂಗಡ ಕೇಳಿದ್ದಾರೆ. ಕೊಡಬಹುದಾ? ಏನೇನು ನೋಡಬೇಕು?

ಉತ್ತರ:
ಮುಂಗಡ ಕೊಡಬೇಡಿ ಸಾರ್. ಮೊದಲು ಕಾಗದದ ಕೆಲಸ ಮುಗಿಯಲಿ.

ನಿಮ್ಮ ಲೈಸೆನ್ಸ್ ಇರುವುದು ಜೋಡಿನಳಿಗೆಗೆ. ಅದನ್ನು ತೋರಿಸಿ ರಿವಾಲ್ವರ್ ತರಲು ಆಗದು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ, .32 ರಿವಾಲ್ವರ್ ಅಂತ ಸೇರಿಸಿಕೊಳ್ಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಕ್ಷಣೆಗೆ ಬೇಕಾದ ಉದ್ದ ನಳಿಗೆಯ ಕೋವಿಗೂ, ಬೆಳೆ ಕಾಯುವ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೂ ದಾರಿ ಸ್ವಲ್ಪ ಸಲೀಸು. ರಿವಾಲ್ವರ್ ಹಾಗಲ್ಲ. ನಿಮಗೆ ಅದು ಯಾಕೆ ಬೇಕು ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ಮುಂಚೆ ಮೂರು ಇತ್ತು. ನಿಮ್ಮ ಹತ್ತಿರ ಒಂದಿದೆ, ಇನ್ನೊಂದಕ್ಕೆ ಜಾಗ ಇದೆ.

ಮಾರುವವರಿಗೂ ಒಂದು ಕೆಲಸ ಇದೆ. ಯಾರಿಗೆ ಮಾರುತ್ತೇನೆ ಅಂತ ನಿಮ್ಮ ಹೆಸರು, ವಿಳಾಸ ಬರೆದು ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಕೊಡಬೇಕು. ಕೊಟ್ಟು 45 ದಿನ ಕಳೆಯುವವರೆಗೆ ಕೋವಿ ಕೈ ಬದಲಾಗುವಂತಿಲ್ಲ. ಅರ್ಜಿಯ ಸ್ವೀಕೃತಿ ಪ್ರತಿ ನೀವೂ ಒಂದು ಇಟ್ಟುಕೊಳ್ಳಿ. ಅವರ ಲೈಸೆನ್ಸ್ ಪುಸ್ತಕದಲ್ಲಿರುವ ನಂಬರ್ ಮತ್ತು ರಿವಾಲ್ವರ್ ಮೇಲೆ ಕೊರೆದ ನಂಬರ್ ಒಂದೊಂದು ಅಂಕಿಯೂ ತಾಳೆಯಾಗಬೇಕು. ನಂಬರ್ ಉಜ್ಜಿದ ಹಾಗೆ ಕಂಡರೆ ಕೈ ಹಾಕಬೇಡಿ.

ಇನ್ನು ರಿವಾಲ್ವರ್ ನೋಡುವುದು. ಫಳಫಳ ಎಂದಿರಲ್ಲ, ನನಗೆ ಅಲ್ಲೇ ಅನುಮಾನ. ಹೊಸದಾಗಿ ಬ್ಲೂಯಿಂಗ್, ಅಂದರೆ ಉಕ್ಕಿನ ಮೇಲೆ ಕಪ್ಪು-ನೀಲಿ ಲೇಪ, ಮಾಡಿಸಿದರೆ ಮೂವತ್ತು ವರ್ಷದ ತುಕ್ಕು ಮುಚ್ಚುತ್ತದೆ. ಸವೆದ ಭಾಗ ಹಾಗೇ ಇರುತ್ತದೆ. ಹೊರಗಿನ ಬಣ್ಣ ಮಾಸಿದ್ದು, ಒಳಗೆ ಗಟ್ಟಿಯಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಮಾಲೀಕರ ಎದುರೇ ತೆರೆಸಿ, ಸಿಲಿಂಡರ್‌ನ (ಗುಂಡು ಕೂರುವ, ತಿರುಗುವ ಉರುಳೆ) ಆರೂ ಕೋಣೆ ಖಾಲಿ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಕಾನ್ಪುರದ .32 ಹಳೆ ವೆಬ್ಲಿ ಮಾದರಿ, ಮಧ್ಯಕ್ಕೆ ಮಡಚಿಕೊಂಡು ತೆರೆಯುತ್ತದೆ. ಇದರ ಪ್ರಾಣ ಇರುವುದು ಮುಂದಿನ ಕೀಲು ಮತ್ತು ಮೇಲಿನ ಕೊಂಡಿಯಲ್ಲಿ. ಮುಚ್ಚಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಬ್ಯಾರೆಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಕೊಂಡಿ ಸವೆದಿದೆ. ಪಟಾಪಟ್ ಅಂತ ಬೀಸಿ ಮುಚ್ಚುವ ಅಭ್ಯಾಸ ಇದ್ದವರ ಕೈಯಲ್ಲಿ ಕೀಲು ಬೇಗ ಹಾಳಾಗುತ್ತದೆ.

ಆಮೇಲೆ ಹ್ಯಾಮರ್ (ಹಿಂದಿನಿಂದ ಬಡಿಯುವ ಸುತ್ತಿಗೆ) ಅನ್ನು ನಿಧಾನ ಹಿಂದಕ್ಕೆ ಎಳೆಯಿರಿ. ಅದು ಪೂರ್ತಿ ಹಿಂದೆ ನಿಲ್ಲುವಷ್ಟರಲ್ಲಿ ಸಿಲಿಂಡರ್ ತಿರುಗಿ, ಕೋಣೆ ಬ್ಯಾರೆಲ್‌ಗೆ ನೇರ ಬಂದು, ಬೀಗ ಬಿದ್ದಿರಬೇಕು. ಆರೂ ಕೋಣೆಗೆ ಬೇರೆ ಬೇರೆಯಾಗಿ ಮಾಡಿ. ಐದು ಸರಿಯಿದ್ದು ಒಂದು ತಪ್ಪುವುದು ಎಷ್ಟೋ ಸಲ ನೋಡಿದ್ದೇನೆ. ಕೋಣೆ ನೇರ ಬರದಿದ್ದರೆ ಗುಂಡು ಬ್ಯಾರೆಲ್ ಬಾಯಿಗೆ ಓರೆಯಾಗಿ ಬಡಿದು ಸೀಸದ ಚೂರು ಪಕ್ಕಕ್ಕೆ ಹಾರುತ್ತದೆ. ಒಮ್ಮೆ ಪಕ್ಕದಲ್ಲಿ ನಿಂತಿದ್ದವರ ಕೆನ್ನೆಯಿಂದ ರಕ್ತ ಬಂದದ್ದನ್ನು ಕಂಡಿದ್ದೇನೆ. ಅದೂ ಹೊಳೆಯುವ ರಿವಾಲ್ವರೇ ಆಗಿತ್ತು. ಇನ್ನೂ ಸ್ವಲ್ಪ ಮೇಲೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು.

ಹ್ಯಾಮರ್ ಹಿಂದೆ ನಿಂತಾಗ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹದವಾಗಿ ಮುಂದಕ್ಕೆ ಒತ್ತಿ. ಜಾರಿ ಬಿದ್ದರೆ ಆ ರಿವಾಲ್ವರ್ ಬೇಡ. ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಇರಬೇಕು, ಅಳೆಯಲು ಮೆಕ್ಯಾನಿಕ್ ಬಳಸುವ ಫೀಲರ್ ಗೇಜ್‌ನ ತೆಳು ಪಟ್ಟಿ ಸಾಕು. ಬ್ಯಾರೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಉಂಗುರದ ಹಾಗೆ ಕಪ್ಪು ಗೆರೆ ಕಂಡರೆ ಯಾವತ್ತೋ ಗುಂಡು ಸಿಕ್ಕಿಕೊಂಡು ಉಬ್ಬಿದೆ ಎಂದರ್ಥ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಗೊತ್ತಿಲ್ಲದವರು ಬಿಚ್ಚಿದ್ದಾರೆ.

ಪ್ರಶ್ನೆ (ಬೆಂಗಳೂರಿನ ಸದಸ್ಯೆ):
ಅಣ್ಣ, ಟಾರ್ಗೆಟ್ ವಿಷಯ ಹೇಳಲೇ ಇಲ್ಲ. ನನಗೆ ರಕ್ಷಣೆ ಎಲ್ಲ ಬೇಡ, ಆಟಕ್ಕೆ ಮಾತ್ರ. ಹಳೆ .32 ತಗೊಂಡರೆ ಸ್ಪರ್ಧೆಗೆ ಹೋಗಬಹುದಾ?

ಉತ್ತರ:
ಬೇಡಮ್ಮ, ಅದರಿಂದ ಶುರು ಮಾಡಬೇಡಿ. ಸ್ಪರ್ಧೆಯಲ್ಲಿ .32 ಇದೆ, ನಿಜ. 25 ಮೀಟರ್ ಸೆಂಟರ್ ಫೈರ್ (ತೋಟಾದ ತಳದ ನಡುವಿಗೆ ಬಡಿದು ಸಿಡಿಸುವ ಬಗೆ) ವಿಭಾಗದಲ್ಲಿ ಅದೇ ಅಳತೆಯ ತೋಟಾ, ಅಂದರೆ ಕಾಡತೂಸು, ಹೊಡೆಯುತ್ತಾರೆ. ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಇದೇ ವಿಭಾಗದಲ್ಲಿ. ಆದರೆ ಅದು ಗಂಡಸರ ಸ್ಪರ್ಧೆ. ಹೆಂಗಸರ 25 ಮೀಟರ್ ಪಿಸ್ತೂಲಿಗೆ .22 ಬೇಕು. ಅಲ್ಲದೆ ಸ್ಪರ್ಧೆಯ ಪಿಸ್ತೂಲಿಗೆ ಉದ್ದ ಬ್ಯಾರೆಲ್, ತಿರುಗಿಸಿ ಸರಿಮಾಡುವ ಸೈಟು (ಗುರಿ ನೋಡುವ ಕಿಂಡಿ), ಒಂದು ಕೆ.ಜಿ. ಎಳೆತದ ಟ್ರಿಗರ್ ಇರುತ್ತದೆ. ಕಾನ್ಪುರದ್ದಕ್ಕೆ ಮೂರಿಂಚಿನ ಆಸುಪಾಸು ಬ್ಯಾರೆಲ್, ಅಲ್ಲಾಡದ ಸೈಟು. ಹತ್ತಿರಕ್ಕೆ ಮಾಡಿದ್ದು ಅದು.

ರೈಫಲ್ ಕ್ಲಬ್ ಸೇರಿ, 10 ಮೀಟರ್ ಏರ್ ಪಿಸ್ತೂಲ್ ಹಿಡಿಯಿರಿ. ನಳಿಗೆಯ ಒಳಅಳತೆ 4.5 ಮಿ.ಮೀ. ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಆರು ತಿಂಗಳು ದಿನವೂ ಉಸಿರು, ಬೆರಳು ಎರಡನ್ನೂ ಪಳಗಿಸಿ. ಆಮೇಲೆ .22ಗೆ ಕ್ಲಬ್ ಮೂಲಕವೇ ಹೋಗಿ.

ಮೂಡಿಗೆರೆ ಸಾರ್, ನಿಮಗೂ ಇದೇ ಮಾತು. ರಿವಾಲ್ವರ್ ಅಭ್ಯಾಸ ಬೇಕೇ ಬೇಕು, ಆದರೆ ರೇಂಜ್‌ನಲ್ಲಿ. ತೋಟದಲ್ಲಿ ಡಬ್ಬ ಇಟ್ಟು ಹೊಡೆಯಬೇಡಿ. ಗುರಿ ತಪ್ಪಿದ ಗುಂಡು ಗಿಡಗಳ ಸಂದಿನಿಂದ ಕೆಲಸದವರ ಲೈನ್ ಮನೆಗಳ ಕಡೆ ಹೋಗುತ್ತದೆ. ಅಲ್ಲಿ ಮಕ್ಕಳು ಆಡುತ್ತಿರುತ್ತವೆ. ತೋಟಕ್ಕೆ ಆನೆ ಬಂದರೆ ಈ ರಿವಾಲ್ವರನ್ನು ನೆನೆಯಲೂ ಬೇಡಿ.

ಪ್ರಶ್ನೆ (ಹಾಸನದ ಸದಸ್ಯರು):
ನಮ್ಮ ತಂದೆಗೆ 74. ಅವರ ರಿವಾಲ್ವರ್ ನನಗೆ ಬರಬೇಕಾದರೆ ನಾನೂ ಕೊಂಡುಕೊಳ್ಳಬೇಕಾ?

ಉತ್ತರ:
ಬೇಡ. ಲೈಸೆನ್ಸ್‌ದಾರರಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ 25 ವರ್ಷದಿಂದ ಅವರ ಹತ್ತಿರ ಇದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ತಂದೆಯವರು ಇರುವಾಗಲೇ ಅವರ ಜೊತೆ ಹೋಗಿ ಅರ್ಜಿ ಕೊಡಿ. ಅವರು ಹೋದ ಮೇಲೆ ಬೀರುವಿನಲ್ಲಿ ಕೋವಿ ಇಟ್ಟುಕೊಂಡು ಗಾಬರಿಯಿಂದ ಬರುವವರನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ.

ಪ್ರಶ್ನೆ (ಮತ್ತೆ ಮೂಡಿಗೆರೆಯವರು):
ಸಾರ್, ನಿನ್ನೆ ಹೋಗಿ ನೋಡಿದೆ. ನಂಬರ್ ತಾಳೆಯಾಯಿತು. ಕೊಂಡಿ ಗಟ್ಟಿ ಇದೆ. ಆದರೆ ನಾಲ್ಕನೇ ಕೋಣೆಯಲ್ಲಿ ಹ್ಯಾಮರ್ ನಿಂತರೂ ಸಿಲಿಂಡರ್ ಬೀಗ ಬೀಳಲಿಲ್ಲ. ಕೈಯಿಂದ ಸ್ವಲ್ಪ ತಿರುಗಿಸಿದಾಗ ಟಕ್ ಅಂತ ಕೂತಿತು. ಅವರು ಐದು ಸಾವಿರ ಕಡಿಮೆ ಮಾಡುತ್ತೇನೆ ಅಂದರು.

ಉತ್ತರ:
ಬೆಲೆ ಮಾತು ಈಗ ಬೇಡ. ಸಿಲಿಂಡರ್ ತಿರುಗಿಸುವ ಒಳಗಿನ ತುಂಡು ಅಥವಾ ಹಿಂದಿನ ಹಲ್ಲು ಸವೆದಿದೆ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಅವರೇ ಒಯ್ದು ಸರಿಮಾಡಿಸಲಿ. ಆಮೇಲೆ ಇನ್ನೊಮ್ಮೆ ಆರೂ ಕೋಣೆ ನೋಡಿ. ಅದಕ್ಕಿಂತ ಮುಂಚೆ ಇವತ್ತೇ ಆ ಹಿರಿಯರಿಗೆ ಫೋನ್ ಮಾಡಿ, ರಿಪೇರಿ ಆಗುವವರೆಗೆ ಅದಕ್ಕೆ ತೋಟಾ ತುಂಬಬೇಡಿ ಅಂತ ಹೇಳಿ.