ಅಮ್ಮ ಕೊಟ್ಟ ಕೈಸಾಲದ ಪ್ರೋನೋಟಿಗೆ ಮೂರು ವರ್ಷ ತುಂಬುತ್ತಿದೆ, ದಾವೆ ಹೂಡುವ ಬಗ್ಗೆ ಸಲಹೆ ಬೇಕು

ಪ್ರಶ್ನೆ: ರಾಣೇಬೆನ್ನೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿ ನಿವೃತ್ತ ಶಿಕ್ಷಕಿ. 2023ರ ಆಗಸ್ಟ್ 19ರಂದು ಅವರು ನಮ್ಮ ತಂದೆಯ ದೊಡ್ಡಪ್ಪನ ಮಗನಿಗೆ ನಾಲ್ಕು ಲಕ್ಷ ರೂಪಾಯಿ ಕೈಸಾಲ ಕೊಟ್ಟರು. ಹಣವನ್ನು ತಮ್ಮ ಬ್ಯಾಂಕ್ ಖಾತೆಯಿಂದಲೇ ವರ್ಗಾಯಿಸಿದ್ದಾರೆ. ಅದೇ ದಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಪ್ರೋನೋಟು (ಸಾಲ ತೀರಿಸುವುದಾಗಿ ಬರೆದುಕೊಡುವ ವಾಗ್ದಾನ ಪತ್ರ) ಬರೆಸಿ, ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡವಾಗಿ ಸಹಿ ಹಾಕಿಸಿಕೊಂಡಿದ್ದಾರೆ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಕೇಳಿದಾಗ ಹಿಂತಿರುಗಿಸುವುದು ಎಂದು ಅದರಲ್ಲಿದೆ. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ಈಗ ಇಲ್ಲ. ಭದ್ರತೆಗೆಂದು ಆತ ಸಹಿ ಮಾಡಿದ ಒಂದು ಖಾಲಿ ಚೆಕ್ಕನ್ನೂ ಕೊಟ್ಟಿದ್ದಾನೆ.

ಕಳೆದ ವರ್ಷ ಯುಗಾದಿಯ ಹೊತ್ತಿಗೆ ಅಮ್ಮನ ಖಾತೆಗೆ 40,000 ರೂಪಾಯಿ ಜಮೆ ಮಾಡಿದ. ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಪೊಲೀಸ್ ಠಾಣೆಗೆ ಹೋದರೆ, ಇದು ಸಿವಿಲ್ ಸ್ವರೂಪದ ವ್ಯವಹಾರ, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ ಎಂದು ಹಿಂಬರಹ ಕೊಟ್ಟು ಕಳಿಸಿದರು. ಆತ ಈಗ ದಾವಣಗೆರೆಯಲ್ಲಿ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಊರಿನಲ್ಲಿ ಅವನ ಹೆಸರಿಗೆ ಎರಡು ಎಕರೆ ಹತ್ತು ಗುಂಟೆ ಜಮೀನಿದೆ, ಅದನ್ನು ಮಾರುವ ಮಾತುಕತೆ ನಡೆದಿದೆ ಎಂದು ಕೇಳಿದ್ದೇವೆ.

ನೋಟಿಸು ಕೊಟ್ಟ ದಿನದಿಂದ ಮೂರು ವರ್ಷ ಅವಕಾಶವಿರುತ್ತದೆ, ಆತುರ ಬೇಡ ಎಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ. ಇದು ನಿಜವೇ? ಅಮ್ಮನಿಗೆ ಕೋರ್ಟಿನ ಮೆಟ್ಟಿಲು ಹತ್ತುವುದೆಂದರೆ ಅಳುಕು. ಅವರ ಪರವಾಗಿ ನಾನೇ ಎಲ್ಲವನ್ನೂ ನಡೆಸಬಹುದೇ?

ಉತ್ತರ: ತಾಲ್ಲೂಕು ನ್ಯಾಯಾಲಯದ ವಕೀಲ

ಮೊದಲು ನಿಮ್ಮ ಸಂಬಂಧಿಕರ ಮಾತನ್ನು ಬದಿಗಿಡಿ, ಏಕೆಂದರೆ ಆ ಮಾತನ್ನು ನಂಬಿ ಹಣ ಕಳೆದುಕೊಂಡ ಕಕ್ಷಿದಾರರನ್ನು ನಾನು ಮೇಲಿಂದ ಮೇಲೆ ನೋಡಿದ್ದೇನೆ. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದ ಪ್ರೋನೋಟಿಗೆ 1963ರ ಕಾಲಮಿತಿ ಅಧಿನಿಯಮದ ಪ್ರಕಾರ ಮೂರು ವರ್ಷದ ಲೆಕ್ಕ ಶುರುವಾಗುವುದು ನೀವು ಕೇಳಿದ ದಿನದಿಂದಲ್ಲ, ನೋಟು ಬರೆದುಕೊಟ್ಟ ದಿನದಿಂದ. ವಕೀಲರ ನೋಟಿಸು ಆ ಅವಧಿಯನ್ನು ಒಂದು ದಿನವೂ ಮುಂದಕ್ಕೆ ತಳ್ಳುವುದಿಲ್ಲ. ಆದ್ದರಿಂದ 2026ರ ಆಗಸ್ಟ್ 19ನ್ನೇ ಕೊನೆಯ ದಿನವೆಂದು ಭಾವಿಸಿ, ಅದಕ್ಕೆ ಸಾಕಷ್ಟು ಮೊದಲೇ ದಾವೆ ದಾಖಲಾಗುವಂತೆ ನೋಡಿಕೊಳ್ಳಿ.

ಆತ ಕಟ್ಟಿದ 40,000 ರೂಪಾಯಿಯಿಂದ ಹೊಸ ಮೂರು ವರ್ಷ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಅವಧಿಯೊಳಗೆ ಸಾಲಗಾರ ಭಾಗಶಃ ಹಣ ಕೊಟ್ಟರೆ ಅಲ್ಲಿಂದ ಹೊಸದಾಗಿ ಲೆಕ್ಕ ಶುರುವಾಗುತ್ತದೆ ಎಂಬುದು ಸರಿ, ಆದರೆ ಹಾಗೆ ಕೊಟ್ಟಿದ್ದಕ್ಕೆ ಅವನ ಕೈಬರಹವೋ ಸಹಿಯೋ ಇರಬೇಕೆಂದು ಅದೇ ಕಾನೂನಿನ 19ನೇ ಕಲಂ ಹೇಳುತ್ತದೆ. ನಮ್ಮ ಹಿರಿಯರು ಪ್ರೋನೋಟಿನ ಬೆನ್ನಿಗೆ ‘ಈ ದಿನ ಇಷ್ಟು ಜಮಾ’ ಎಂದು ಬರೆಸಿ ಸಹಿ ಹಾಕಿಸುತ್ತಿದ್ದದ್ದು ಇದೇ ಕಾರಣಕ್ಕೆ. ನಿಮ್ಮ ನೋಟಿನ ಬೆನ್ನು ಖಾಲಿಯಿದ್ದರೆ, ಬ್ಯಾಂಕಿನ ಜಮಾ ಒಂದನ್ನೇ ನೆಚ್ಚಿ ಅವಧಿ ಮೀರಿಸುವುದು ಬೇಡವೇ ಬೇಡ. ಕೈಯಲ್ಲಿ ಸಮಯವಿರುವಾಗ ವಾದಕ್ಕೆ ಎಡೆಕೊಡುವ ದಾರಿ ಏಕೆ?

ಕಾಗದದ ಮಟ್ಟಿಗೆ ನಿಮ್ಮ ಪ್ರಕರಣ ಗಟ್ಟಿಯಾಗಿದೆ. ಸ್ಟಾಂಪಿಲ್ಲದ ಪ್ರೋನೋಟನ್ನು ದಂಡ ಕಟ್ಟಿಯೂ ಸಾಕ್ಷ್ಯವಾಗಿ ಹಾಜರುಪಡಿಸಲು ಬರುವುದಿಲ್ಲ, ನಿಮ್ಮದರಲ್ಲಿ ಆ ದೋಷವಿಲ್ಲ. ಪ್ರೋನೋಟಿಗೆ ಸಾಕ್ಷಿಗಳ ಸಹಿ ಕಾನೂನಿನ ಅಗತ್ಯವಲ್ಲವಾದ್ದರಿಂದ ಒಬ್ಬರು ತೀರಿಕೊಂಡದ್ದು ದೊಡ್ಡ ತೊಡಕಾಗುವುದಿಲ್ಲ. ಸಹಿ ಅವನದೇ ಎಂದು ರುಜುವಾತಾದರೆ, ಹಣ ಪಡೆದೇ ಬರೆದುಕೊಟ್ಟಿದ್ದಾನೆಂದು ನ್ಯಾಯಾಲಯ ಭಾವಿಸುತ್ತದೆ ಮತ್ತು ಹಾಗಲ್ಲವೆಂದು ತೋರಿಸುವ ಹೊಣೆ ಅವನ ಮೇಲೆ ಬೀಳುತ್ತದೆ. ಮೇಲಾಗಿ ನಿಮ್ಮ ಬಳಿ ಬ್ಯಾಂಕ್ ವರ್ಗಾವಣೆಯ ದಾಖಲೆಯಿದೆ. ಲೇವಾದೇವಿ ಪರವಾನಗಿ ಇಲ್ಲವೆಂಬ ತಕರಾರು ಬರಬಹುದು. ಆ ಕಾನೂನು ಸಾಲ ಕೊಡುವುದನ್ನೇ ವ್ಯವಹಾರ ಮಾಡಿಕೊಂಡವರಿಗೆ ಅನ್ವಯಿಸುತ್ತದೆಯೇ ಹೊರತು ಬಂಧುವಿಗೆ ಒಮ್ಮೆ ಕೈಸಾಲ ಕೊಟ್ಟ ಶಿಕ್ಷಕಿಗಲ್ಲ.

ಖಾಲಿ ಚೆಕ್ಕಿನ ವಿಷಯದಲ್ಲಿ ಎಚ್ಚರವಿರಲಿ. ಸಿಟ್ಟಿನಲ್ಲಿ ಅದಕ್ಕೆ ಪೂರ್ತಿ ನಾಲ್ಕು ಲಕ್ಷ ತುಂಬಿ ಬ್ಯಾಂಕಿಗೆ ಹಾಕಬೇಡಿ. ಚೆಕ್ಕು ಕೊಟ್ಟ ಮೇಲೆ ಭಾಗಶಃ ಹಣ ಸಂದಾಯವಾಗಿದ್ದು, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಜರುಪಡಿಸಿದರೆ ಚೆಕ್ ಅಮಾನ್ಯದ ಬಗೆಗಿನ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಅಪರಾಧವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಚೆಕ್ ಅಮಾನ್ಯವಾದರೆ ಬ್ಯಾಂಕಿನ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಎಂಬ ಬೇರೆಯದೇ ಲೆಕ್ಕವಿದೆ. ಅದು ಕ್ರಿಮಿನಲ್ ದಾರಿ, ಸಿವಿಲ್ ದಾವೆಯ ಜೊತೆಯಲ್ಲೇ ನಡೆಯಬಹುದು. ಆದರೆ ಅದನ್ನು ನೆಚ್ಚಿ ದಾವೆಯನ್ನು ಕೈಬಿಡಬಾರದು.

ದಾವೆಯನ್ನು ಅವನು ವಾಸವಿರುವ ದಾವಣಗೆರೆಯಲ್ಲೇ ಹೂಡಬೇಕೆಂದಿಲ್ಲ, ವ್ಯವಹಾರ ನಡೆದ ರಾಣೇಬೆನ್ನೂರಿನಲ್ಲೂ ಹೂಡಬಹುದು. ಪ್ರೋನೋಟು ಇರುವುದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆಗೂ ಅವಕಾಶವಿದೆ. ಅಲ್ಲಿ ಸಮನ್ಸ್ ತಲುಪಿದ 10 ದಿನದೊಳಗೆ ಪ್ರತಿವಾದಿ ಹಾಜರಾಗಬೇಕು, ಆಮೇಲೂ ತನ್ನ ವಾದ ಮಂಡಿಸಲು ನ್ಯಾಯಾಲಯದ ಅನುಮತಿ ಬೇಡಬೇಕು. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಮುಖ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಪಡೆದು ನೀವು ದಾವೆಗೆ ಸಹಿ ಹಾಕಬಹುದು, ಓಡಾಡಬಹುದು. ಆದರೆ ಹಣ ಕೊಟ್ಟ ಸಂಗತಿ ನಿಮ್ಮ ತಾಯಿಗೆ ಖುದ್ದು ಗೊತ್ತಿರುವುದು, ಅದರ ಬಗ್ಗೆ ಅವರ ಬದಲು ನೀವು ಸಾಕ್ಷಿ ಹೇಳಲಾಗದು. ಅವರಿಗೆ ಧೈರ್ಯ ಹೇಳಿ. ಅನಾರೋಗ್ಯವಿದ್ದರೆ ಕಮಿಷನರ್ ಅವರನ್ನು ನೇಮಿಸಿ ಮನೆಯಲ್ಲೇ ಹೇಳಿಕೆ ದಾಖಲಿಸಿಕೊಳ್ಳುವಂತೆ ಕೋರಬಹುದು.

ಉತ್ತರ: ಡಿಕ್ರಿ ಪಡೆದವನು

ವಕೀಲರು ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ಪರಿಚಯದವರೊಬ್ಬರಿಗೆ ಕೊಟ್ಟ ಮೂರೂವರೆ ಲಕ್ಷಕ್ಕೆ ನಾನು ದಾವೆ ಹೂಡಿ ಗೆದ್ದೆ. ಡಿಕ್ರಿಯ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ಆದೇಶದ, ಪ್ರತಿಯನ್ನು ತಂದು ದೇವರ ಕೋಣೆಯಲ್ಲಿಟ್ಟು ಕೈಮುಗಿದೆ, ಇನ್ನೇನು ಹಣ ಬಂದೇ ಬಿಡುತ್ತದೆಂದು ನಂಬಿದ್ದೆ. ಡಿಕ್ರಿಯಾದರೂ ಹಣ ತಾನಾಗಿ ಬರುವುದಿಲ್ಲ, ಡಿಕ್ರಿಯನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಎಂದು ಮತ್ತೊಂದನ್ನು ಹಾಕಿ ಮತ್ತೆ ಮೊದಲಿನಿಂದ ಸಮನ್ಸು, ತಕರಾರು, ವಾಯಿದೆಗಳನ್ನು ದಾಟಬೇಕೆಂದು ನನಗೆ ಆಮೇಲೆ ತಿಳಿಯಿತು. ನನ್ನ ವಕೀಲರ ಮಾತಿನಂತೆ ಸಾಲಗಾರರ ಜಮೀನಿನ ಪಹಣಿ ತೆಗೆಸಿದರೆ ಅದರಲ್ಲಿ ಬಾಮೈದನ ಹೆಸರಿತ್ತು. ತೀರ್ಪಿಗೆ ನಾಲ್ಕು ತಿಂಗಳು ಮೊದಲೇ ದಾನಪತ್ರ ಮಾಡಿಕೊಟ್ಟಿದ್ದರು. ಸಾಲಗಾರರನ್ನು ವಂಚಿಸಲು ಮಾಡಿದ ಅಂಥ ಪತ್ರವನ್ನು ಪ್ರಶ್ನಿಸಬಹುದಂತೆ, ಆದರೆ ಇನ್ನೊಂದು ವ್ಯಾಜ್ಯಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ.

ಕೊನೆಗೆ ಅವರ ಸಂಬಳ ಜಪ್ತಿಗೆ ಅರ್ಜಿ ಕೊಟ್ಟೆವು. ಅದರ ಲೆಕ್ಕವೂ ಗೊತ್ತಿರಲಿ. ಸಂಬಳದ ಮೊದಲ ಸಾವಿರ ರೂಪಾಯಿಯನ್ನೂ ಉಳಿದದ್ದರ ಮೂರನೇ ಎರಡು ಭಾಗವನ್ನೂ ಕಾನೂನು ಮುಟ್ಟಗೊಡುವುದಿಲ್ಲ. ಅವರ ಸಂಬಳ 31,000 ರೂಪಾಯಿ, ಹಾಗಾಗಿ ತಿಂಗಳಿಗೆ 10,000 ಕಡಿತವಾಯಿತು. ಒಂದೇ ಡಿಕ್ರಿಗೆ 24 ತಿಂಗಳಿಗಿಂತ ಹೆಚ್ಚು ಕಾಲ ಸಂಬಳ ಜಪ್ತಿ ಮಾಡುವಂತಿಲ್ಲವಾದ್ದರಿಂದ 2,40,000ಕ್ಕೆ ಅದು ನಿಂತಿತು. ಡಿಕ್ರಿಯನ್ನು ಜಾರಿ ಮಾಡಿಸಿಕೊಳ್ಳಲು 12 ವರ್ಷ ಅವಧಿಯಿದೆ, ಉಳಿದದ್ದಕ್ಕೆ ಈಗಲೂ ಅವರ ಆಸ್ತಿ ಹುಡುಕುತ್ತಿದ್ದೇನೆ.

ಆದ್ದರಿಂದ ದಯವಿಟ್ಟು ಇವತ್ತೇ ಭೂಮಿ ಜಾಲತಾಣದಲ್ಲಿ ಆ ಎರಡು ಎಕರೆ ಹತ್ತು ಗುಂಟೆಯ ಪಹಣಿ ನೋಡಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಿ. ದಾವೆಯ ಜೊತೆಯಲ್ಲೇ, ಜಮೀನು ಪರಭಾರೆ ಮಾಡುವ ಸಿದ್ಧತೆಯಲ್ಲಿದ್ದಾನೆಂದು ಪ್ರಮಾಣಪತ್ರ ಸಲ್ಲಿಸಿ, ತೀರ್ಪಿಗೆ ಮೊದಲೇ ಜಪ್ತಿಗೆ ಅರ್ಜಿ ಹಾಕಿಸಿ. ನಾನು ಅದನ್ನೊಂದು ಮಾಡಿದ್ದರೆ ಇಷ್ಟು ಅಲೆಯಬೇಕಿರಲಿಲ್ಲ.

ಉತ್ತರ: ತಾಲ್ಲೂಕು ನ್ಯಾಯಾಲಯದ ವಕೀಲ

ಮೇಲಿನವರ ಮಾತು ಬಹಳ ಮುಖ್ಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಡಿಯ ಆ ಅರ್ಜಿಯನ್ನು ನ್ಯಾಯಾಲಯ ಸುಮ್ಮನೆ ಪುರಸ್ಕರಿಸುವುದಿಲ್ಲ. ಡಿಕ್ರಿಯನ್ನು ವಿಫಲಗೊಳಿಸುವ ಉದ್ದೇಶದಿಂದಲೇ ಮಾರುತ್ತಿದ್ದಾನೆಂದು ತೋರಿಸಬೇಕು. ‘ಕೇಳಿದ್ದೇವೆ’ ಎಂದರೆ ಸಾಲದು, ಯಾರಿಗೆ ಮಾರುತ್ತಿದ್ದಾನೆ, ಮುಂಗಡ ಪಡೆದಿದ್ದಾನೆಯೇ, ಆ ಮಾತು ಯಾರಿಂದ ತಿಳಿಯಿತು ಎಂಬ ವಿವರ ಪ್ರಮಾಣಪತ್ರದಲ್ಲಿರಲಿ. ಜಪ್ತಿ ಆದೇಶವಾದರೆ ಅದನ್ನು ಪಹಣಿಯ 11ನೇ ಕಾಲಂನಲ್ಲಿ ನಮೂದಿಸಲು ಕೋರಿರಿ, ಕೊಳ್ಳಲು ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ.

ಪ್ರಶ್ನೆ ಕೇಳಿದವರು: ರಾಣೇಬೆನ್ನೂರಿನ ಮಗಳು

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಕೋರ್ಟ್ ಶುಲ್ಕ ನೂರಕ್ಕೆ ಆರೇಳು ರೂಪಾಯಿಯವರೆಗೂ ಆಗುತ್ತದೆಂದು ಕೇಳಿ ಅಮ್ಮ ಹಿಂಜರಿಯುತ್ತಿದ್ದಾರೆ. ಲೋಕ ಅದಾಲತ್‌ಗೆ ಹೋದರೆ ಖರ್ಚಿಲ್ಲದೆ ಮುಗಿಯುವುದಿಲ್ಲವೇ?

ಉತ್ತರ: ನಿವೃತ್ತ ಶಿರಸ್ತೇದಾರ

ತಂಗಿ, ನಿಮ್ಮ ತಾಯಿಗೆ ಶುಲ್ಕದ ಚಿಂತೆ ಬೇಡವೆಂದು ಹೇಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಅಲ್ಲಿ ಅರ್ಜಿ ಕೊಟ್ಟು ವಕೀಲರನ್ನೂ ಕೋರ್ಟ್ ಶುಲ್ಕದ ನೆರವನ್ನೂ ಕೇಳಬಹುದು. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಇಷ್ಟು ವರ್ಷ ನಾನು ಕೆಲಸ ಮಾಡಿದ ಕಡೆಯೆಲ್ಲ, ಈ ಕಚೇರಿಯ ಮುಂದೆಯೇ ನಡೆದುಹೋಗಿ, ಶುಲ್ಕಕ್ಕೆಂದು ಕೈಬಳೆ ಅಡವಿಟ್ಟ ಹೆಣ್ಣುಮಕ್ಕಳನ್ನು ನೋಡಿ ಸಂಕಟಪಟ್ಟಿದ್ದೇನೆ.

ಲೋಕ ಅದಾಲತ್ ಒಳ್ಳೆಯ ದಾರಿಯೇ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಆದರೆ ರಾಜಿಗೆ ಎರಡೂ ಕಡೆಯವರು ಒಪ್ಪಬೇಕು. ಫೋನನ್ನೇ ಎತ್ತದವನು ಅಲ್ಲಿಗೂ ಬಾರದೆ ನಾಲ್ಕು ವಾಯಿದೆ ಕಳೆದರೆ ನಿಮ್ಮ ಆಗಸ್ಟ್ 19 ದಾಟಿಹೋಗುತ್ತದೆ. ಅರ್ಜಿ ಬಾಕಿಯಿದೆ ಎಂಬ ಕಾರಣಕ್ಕೆ ಕಾಲಮಿತಿ ನಿಲ್ಲುತ್ತದೆಂದು ನಂಬಿ ಕೂರಬೇಡಿ. ಮೊದಲು ದಾವೆ ದಾಖಲಿಸಿ ಸಂಖ್ಯೆ ಪಡೆಯಿರಿ, ಆಮೇಲೆ ಆ ದಾವೆಯನ್ನೇ ಅದಾಲತ್‌ಗೆ ಕಳಿಸಲು ಕೇಳಿರಿ. ಅಲ್ಲಿ ರಾಜಿಯಾದರೆ, ಶುಲ್ಕ ಕಟ್ಟಿದ್ದರೂ ಅದು ವಾಪಸು ಬರುತ್ತದೆ.

ಇನ್ನೊಂದು ಸಂಗತಿ. ಸಮನ್ಸ್ ಜಾರಿಯಾಗದೆಯೇ ಎಷ್ಟೋ ದಾವೆಗಳು ವರ್ಷಗಟ್ಟಲೆ ನಿಂತಿರುತ್ತವೆ. ಅವನ ದಾವಣಗೆರೆಯ ಮನೆ ವಿಳಾಸ, ಕೆಲಸದ ಸ್ಥಳ, ಊರಿನ ಮನೆ ಮೂರನ್ನೂ ದಾವೆಯಲ್ಲಿ ಬರೆಸಿ, ಮತ್ತು ಸಮನ್ಸ್ ತಲುಪಿಸುವ ಅಮೀನರು ಹೊರಡುವ ದಿನ ಮನೆ ಗುರುತಿಸಲು ನಿಮ್ಮ ಕಡೆಯವರೊಬ್ಬರು ಜೊತೆಗಿರಲಿ.

ಪ್ರಶ್ನೆ ಕೇಳಿದವರು: ರಾಣೇಬೆನ್ನೂರಿನ ಮಗಳು

ಇವತ್ತು ಬೆಳಿಗ್ಗೆ ಪಹಣಿ ತೆಗೆಸಿದೆ, ಜಮೀನು ಇನ್ನೂ ಅವನ ಹೆಸರಿನಲ್ಲೇ ಇದೆ. ಪ್ರೋನೋಟಿನ ಬೆನ್ನು ನೋಡಿದೆವು, ಖಾಲಿಯೇ ಇದೆ. ಚೆಕ್ಕನ್ನು ಹಾಗೆಯೇ ಲಕೋಟೆಯಲ್ಲಿಟ್ಟಿದ್ದೇವೆ. ಶಿರಸ್ತೇದಾರರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಕ್ಷಿ ತಾವೇ ಹೇಳುವುದಾಗಿ ಒಪ್ಪಿದರು. ಸೋಮವಾರ ಇಬ್ಬರೂ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗುತ್ತಿದ್ದೇವೆ.