ಪುಟ್ಟಿ, ಆ ಕಂಪ್ಯೂಟರ್‌ನ ಕೇಬಲ್ ಮೊದಲು ಕಿತ್ತಿಡು

ಪುಟ್ಟಿ, ನಮ್ಮ ಈ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ ನೋಡವ್ವ. ಮಧ್ಯಾಹ್ನ ಮಲಗಿದ್ದೆ, ಕರೆಂಟ್ ಹೋಗಿ ಫ್ಯಾನ್ ನಿಂತಾಗ ಎಚ್ಚರ ಆಯಿತು. ಅಂಗಡಿ ಲೆಕ್ಕದ ಆ ಹಳೇ ಕಂಪ್ಯೂಟರ್ ಒಂದಕ್ಕೆ ಮಾತ್ರ ಇಂಟರ್ನೆಟ್ ಬಂದ್ ಮಾಡಬೇಕು, ಮನೆಯವರ ಫೋನು, ಟಿವಿ ಎಲ್ಲಾ ನಡೀಬೇಕು, ಆಗುತ್ತಾ ಅಂತ ಕೇಳಿದ್ದೀಯ. ಸಣ್ಣೋನು ಅದರಲ್ಲಿ ಏನೋ ಗೇಮ್ ಇಳಿಸಿದ ಮೇಲೆ ತಾನಾಗೇ ಜಾಹೀರಾತು ತೆರೆದುಕೊಳ್ಳುತ್ತಿವೆ ಅಂತಲೂ ಬರೆದಿದ್ದೀಯ. ಆಗುತ್ತೆ, ಖಂಡಿತ ಆಗುತ್ತೆ. ಆದರೆ ಮೊದಲು ನಮ್ಮ ಮನೆಯಲ್ಲಿ ಆದದ್ದು ಕೇಳು.

ನಮ್ಮ ಜೀನ್ಸ್ ಕೆಲಸ ಹೇಗಿತ್ತು ಅಂತ ನಿನಗೆ ಗೊತ್ತಲ್ವಾ. ಪಡಸಾಲೆಯಲ್ಲಿ ಆರು ಮಷೀನು, ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್. ಅಳತೆ ಪ್ಯಾಟರ್ನ್, ಹಿಂಜೇಬಿನ ಕಸೂತಿ ಡಿಸೈನ್, ಕೈಕೆಲಸದವರ ಲೆಕ್ಕ, ಎಲ್ಲಾ ಅದರಲ್ಲೇ. ವಿಂಡೋಸ್ 7. ಅಪ್‌ಡೇಟ್ ಅಂತ ಒಂದು ದಿನವೂ ಮಾಡಿದ್ದಿಲ್ಲ. ಅದಕ್ಕೆ ಇಂಟರ್ನೆಟ್ಟೇ ಕೊಟ್ಟಿರಲಿಲ್ಲ, ಹಾಗಾಗಿ ಏಳು ವರ್ಷ ಸುಮ್ನೆ ನಡೀತಿತ್ತು. ನಿಮ್ಮ ಮಾವ ಬೆಳಿಗ್ಗೆ ಊದುಬತ್ತಿ ಹಚ್ಚಿ ಆಮೇಲೆ ಅದನ್ನು ಆನ್ ಮಾಡೋರು.

2017ರಲ್ಲಿ, ದಸರಾ ಆರ್ಡರ್ ಕೈಯಲ್ಲಿತ್ತು. ಹೊಸಪೇಟೆಯ ನನ್ನ ಮೈದುನ ಬಂದಿದ್ದ. ರಾತ್ರಿ ಊಟ ಆದ ಮೇಲೆ, ಅತ್ತಿಗೆ, ಒಂದು ಸಿನಿಮಾ ಇಳಿಸ್ತೀನಿ ಅಂತ, ಮನೆಗೆಲ್ಲಾ ನೆಟ್ ಹಂಚೋ ರೂಟರ್ ಡಬ್ಬಿಯಿಂದ ಉದ್ದನೆ ಕೇಬಲ್ ಎಳೆದು ಆ ಕಂಪ್ಯೂಟರ್‌ಗೆ ಚುಚ್ಚಿದ. ಒಂದೇ ರಾತ್ರಿ ತಾನೇ ಅಂದ. ನಾನೂ ಹೂಂ ಅಂದೆ.

ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ಪ್ರತಿಯೊಂದರ ಹೆಸರಿನ ಬಾಲಕ್ಕೂ ಅರ್ಥವಿಲ್ಲದ ಅಕ್ಷರ ಅಂಟಿಕೊಂಡಿದ್ದವು. ಪ್ರತಿ ಫೋಲ್ಡರ್‌ನಲ್ಲೂ ಇಂಗ್ಲಿಷಿನಲ್ಲಿ ಒಂದೇ ಚೀಟಿ: ಮೂರು ದಿನದೊಳಗೆ ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ದುಡ್ಡು ಕಳಿಸಿ, ಇಲ್ಲದಿದ್ದರೆ ಫೈಲ್ ಸಿಗಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ವನ್ನಾಕ್ರೈ ಅಂತ ಒಂದು ವೈರಸ್ ಬಂದು ದೇಶದೇಶಗಳ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರ್ ಲಾಕ್ ಮಾಡಿತ್ತು. ಅದನ್ನು ತಡೆಯೋ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಂಥದ್ದೇ ಒಂದು ನಮ್ಮ ಮನೆಗೆ ಬಂದದ್ದು ಆ ಸಿನಿಮಾ ಫೈಲಿನ ಜೊತೆ. ಬ್ಯಾಕಪ್ ಇತ್ತು ಪುಟ್ಟಿ, ಇರಲಿಲ್ಲ ಅಂತಲ್ಲ. ಆದರೆ ಆ ಪೆನ್‌ಡ್ರೈವ್ ಅದೇ ಕಂಪ್ಯೂಟರ್‌ಗೆ ಚುಚ್ಚಿಯೇ ಇತ್ತು. ಅದರೊಳಗಿನದೂ ಲಾಕ್ ಆಯಿತು.

ಹಳೇ ಕಂಪ್ಯೂಟರ್‌ಗೆ ಒಂದು ರಾತ್ರಿ ಮಟ್ಟಿಗೂ ನೆಟ್ ಕೊಡಬೇಡ.

ಆಮೇಲೆ ನಿಮ್ಮ ಮಾವ ಏನು ಮಾಡಿದರು ಗೊತ್ತಾ. ಅಂಗಡಿಯವರಿಗೆ ಮೊದಲು ಕಳಿಸಿದ್ದ ಸ್ಯಾಂಪಲ್ ಪ್ಯಾಂಟುಗಳನ್ನು ವಾಪಸ್ ಕೇಳಿ ತಂದರು. ನೆಲದ ಮೇಲೆ ಕೂತು, ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿದರು. ಮುಂಭಾಗ, ಹಿಂಭಾಗ, ಪಟ್ಟಿ, ಜೇಬು, ಎಲ್ಲಾ ಬೇರೆ ಮಾಡಿ, ಇಸ್ತ್ರಿ ಹಾಕಿ, ಖಾಕಿ ಕಾಗದದ ಮೇಲೆ ಇಟ್ಟು ಸುತ್ತ ಚಾಕ್‌ನಿಂದ ಗೆರೆ ಎಳೆದರು. 28ರಿಂದ 36ರವರೆಗೆ ಪ್ರತಿ ಸೈಜಿಗೂ ಹೀಗೇ. ನಾಲ್ಕು ದಿನ. ಉಗುರ ಸಂದಿಯಲ್ಲಿ ಸೇರಿದ ನೀಲಿ ಬಣ್ಣ ವಾರ ಕಳೆದರೂ ಹೋಗಲಿಲ್ಲ. ಪ್ಯಾಟರ್ನ್ ಹೇಗೋ ಬಂದವು, ಕಸೂತಿ ಡಿಸೈನ್ ಒಂದೂ ಬರಲಿಲ್ಲ. ಬಳ್ಳಿಯೊಳಗೆ ನವಿಲು ಕೂತಿರೋದನ್ನ ಅವರೇ ಬಿಡಿಸಿದ್ದರು, ನೆನಪಿದೆಯಾ, ನಿನ್ನ ಮದುವೆ ವರ್ಷದ್ದು.

ಇದೇ ಗ್ರೂಪಿನಲ್ಲಿ ಅವತ್ತು ಬರೆದಿದ್ದೆ, ಹೀಗಾಗಿದೆ, ತಿಳಿದವರು ಯಾರಾದರೂ ಒಮ್ಮೆ ಬನ್ನಿ ಅಂತ. ಒಬ್ಬರೂ ಬರಲಿಲ್ಲ. ಗುಡ್ ಮಾರ್ನಿಂಗ್ ಹೂವು ಬಂದವು, ನನ್ನ ಮೆಸೇಜ್ ಮೇಲೆ ಹೋಗಿಬಿಟ್ಟಿತು. ಕೊನೆಗೆ ರಿಪೇರಿಯವನೊಬ್ಬ ನಾಲ್ಕು ಸಾವಿರ ತಗೊಂಡು, ಎಲ್ಲಾ ವಾಪಸ್ ತರುತ್ತೇನೆ ಅಂದು, ಡಿಸ್ಕ್ ಪೂರ್ತಿ ಅಳಿಸಿ ಕೊಟ್ಟ. ಮೈದುನನಂತೂ ವೈರಸ್ ಮೊದಲೇ ಇತ್ತು ಅಂತಲೇ ಇವತ್ತಿಗೂ ಹೇಳ್ತಾನೆ. ಅವನೂ ಈ ಗ್ರೂಪಿನಲ್ಲಿದ್ದಾನೆ, ಕೇಳಲಿ. ನೋಡು ಮೈದುನ, ನಿಮ್ಮಣ್ಣ ತೀರಿಕೊಳ್ಳೋವರೆಗೂ ನಿನಗೆ ಒಂದು ಮಾತು ಅನ್ನಲಿಲ್ಲಪ್ಪ. ತಪ್ಪಾಯ್ತು ಅಂತ ನೀನೂ ಒಂದು ಮಾತು ಅನ್ನಲಿಲ್ಲ. ದುಡ್ಡು ಹೋದದ್ದಕ್ಕಲ್ಲ, ಆ ನಾಲ್ಕು ದಿನ ಅವರು ಬಗ್ಗಿಸಿದ ಬೆನ್ನು ನನಗೆ ಈಗಲೂ ಕಣ್ಣಿಗೆ ಕಟ್ಟಿದಂಗಿದೆ.

ಹೋಗಲಿ. ಪುಟ್ಟಿ, ನೀನು ಕೇಳಿದ್ದು ಹೇಗೆ ಅಂತ, ನಾನು ಎಲ್ಲಿಗೋ ಹೋದೆ.

ಈಗಲೇ ಎದ್ದು ಆ ಕಂಪ್ಯೂಟರ್‌ನ ಕೇಬಲ್ ಕೀಳು, ವೈಫೈ ಆಫ್ ಮಾಡು. ಹೊಸ ಪೆನ್‌ಡ್ರೈವ್‌ಗೆ ಲೆಕ್ಕದ ಫೈಲ್ ಮಾತ್ರ ಕಾಪಿ ಮಾಡಿ, ಕಿತ್ತು ಬೀರುವಿನಲ್ಲಿಡು. ಆಮೇಲೆ ತಿಳಿದವರನ್ನು ಕರೆಸಿ ಆ ಗೇಮ್ ತೆಗೆಸಿ, ವೈರಸ್ ಇದೆಯಾ ನೋಡಿಸು. ಪ್ರಿಂಟರ್ ನೇರವಾಗಿ ಯುಎಸ್‌ಬಿಯಲ್ಲಿದ್ದರೆ ಅಲ್ಲಿಗೆ ಮುಗೀತು, ಕೇಬಲ್ ಮತ್ತೆ ಹಾಕಲೇಬೇಡ.

ಆದರೆ ನಿನ್ನ ಬಿಲ್ ಪ್ರಿಂಟರ್ ವೈಫೈ ಮೇಲೆ ಅಂತ ನೀನು ಬರೆದಿದ್ದೆ ಅಲ್ವಾ. ಹಾಗಾದರೆ ರೂಟರ್‌ನಲ್ಲಿ ಮಾಡಬೇಕು. ಆ ಕಂಪ್ಯೂಟರ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ (cmd) ಅಂತ ಬರೆದು ಎಂಟರ್ ಒತ್ತು, ಕಪ್ಪು ಪರದೆ ಬರುತ್ತೆ. ಅಲ್ಲಿ ಐಪಿಕಾನ್ಫಿಗ್, ಒಂದು ಸ್ಪೇಸ್, ಸ್ಲ್ಯಾಶ್, ಆಲ್ (ipconfig /all) ಅಂತ ಬರೆದು ಎಂಟರ್ ಒತ್ತು. ಫಿಸಿಕಲ್ ಅಡ್ರೆಸ್ ಅಂತ ಇರುತ್ತಲ್ಲ, ಎರಡೆರಡು ಅಕ್ಷರದ ಆರು ಜೋಡಿ, ಅದೇ ಆ ಕಂಪ್ಯೂಟರ್‌ನ ಗುರುತು. ಮ್ಯಾಕ್ ಅಡ್ರೆಸ್ ಅನ್ನೋದು ಇದಕ್ಕೇ. ಕೇಬಲ್‌ಗೆ ಒಂದು, ವೈಫೈಗೆ ಒಂದು ಇರುತ್ತೆ. ಎರಡನ್ನೂ ಬರೆದುಕೋ. ಒಂದನ್ನು ಬಿಟ್ಟರೆ ಸಣ್ಣೋನು ಇನ್ನೊಂದರಿಂದ ಹೋಗ್ತಾನೆ.

ಆಮೇಲೆ ವೈಫೈಗೆ ಸೇರಿರೋ ಫೋನಿನ ಬ್ರೌಸರ್‌ನಲ್ಲಿ 192.168.1.1 ಹಾಕು, ಬರದಿದ್ದರೆ 192.168.0.1. ರೂಟರ್ ಬುಡದ ಚೀಟಿಯಲ್ಲಿ ವಿಳಾಸ, ಪಾಸ್‌ವರ್ಡ್ ಬರೆದಿರುತ್ತೆ, ಕನ್ನಡಕ ಹಾಕಿ ನೋಡು, ಅಕ್ಷರ ಸಣ್ಣದು. ಒಳಗೆ ಪೇರೆಂಟಲ್ ಕಂಟ್ರೋಲ್ ಅಥವಾ ಆಕ್ಸೆಸ್ ಕಂಟ್ರೋಲ್ ಹುಡುಕಿ, ಆ ಎರಡು ಗುರುತು ಹಾಕಿ ಇಂಟರ್ನೆಟ್ ಬ್ಲಾಕ್ ಮಾಡು. ವೈಫೈ ಮ್ಯಾಕ್ ಫಿಲ್ಟರ್ ಅನ್ನೋದು ಬೇರೆ, ಅದನ್ನು ಮುಟ್ಟಬೇಡ. ಅದು ವೈಫೈಗೇ ಸೇರಿಸಲ್ಲ, ಪ್ರಿಂಟೂ ಹೋಗಲ್ಲ. ವೈಫೈ ಪಾಸ್‌ವರ್ಡ್ ಬದಲಾಯಿಸೋದೂ ಬೇಡ, ಮನೆಯವರೆಲ್ಲಾ ಆಚೆ ಬೀಳ್ತಾರೆ. ಬದಲಾಯಿಸಬೇಕಾದದ್ದು ಈ ರೂಟರ್ ಪುಟದ ಪಾಸ್‌ವರ್ಡ್. ಚೀಟಿಯದ್ದೇ ಇದ್ದರೆ ಸಣ್ಣೋನು ನೋಡಿ ಬ್ಲಾಕ್ ತೆಗೀತಾನೆ.

ನಿನ್ನ ರೂಟರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ, ಅಂದರೆ ಮನೆ ನೆಟ್‌ವರ್ಕ್‌ನಲ್ಲಿ ಅದಕ್ಕಿರೋ ನಂಬರು, ಕೈಯಿಂದ ಹಾಕಿಸಿ, ಡಿಫಾಲ್ಟ್ ಗೇಟ್‌ವೇ ಅನ್ನೋ ಜಾಗ ಖಾಲಿ ಬಿಡಿಸು. ಐಪಿವಿ6 ಟಿಕ್ಕೂ ತೆಗೆಸು, ಅದು ಹೊರಗೆ ಹೋಗೋ ಇನ್ನೊಂದು ದಾರಿ. ಗೇಟ್‌ವೇ ಅಂದರೆ ಮನೆಯಿಂದ ಹೊರಗೆ ಹೋಗೋ ಬಾಗಿಲು. ಅದು ಗೊತ್ತಿಲ್ಲದಿದ್ದರೆ ಕಂಪ್ಯೂಟರ್ ಮನೆಯೊಳಗೇ ಇರುತ್ತೆ, ಪ್ರಿಂಟರ್ ಸಿಗುತ್ತೆ.

ಒಂದು ಮಾತ್ರ ನೋಡಿಕೋ. ಸಣ್ಣೋನು ತನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದರೆ ಇಲ್ಲಾ ಫೋನನ್ನೇ ಕೇಬಲ್‌ನಲ್ಲಿ ಚುಚ್ಚಿದರೆ ರೂಟರ್ ಏನೂ ಮಾಡೋಕಾಗಲ್ಲ. ಅವನನ್ನು ಕೂರಿಸಿ ಹೇಳು, ಬೈಬೇಡ. ನವಿಲಿನ ಡಿಸೈನ್ ಕಥೆ ನಾನೇ ಹೇಳ್ತೀನಿ, ಫೋನ್ ಅವನ ಕೈಗೆ ಕೊಡು. ಹಳೇ ಕಂಪ್ಯೂಟರ್‌ಗೆ ಒಂದು ರಾತ್ರಿ ಮಟ್ಟಿಗೂ ನೆಟ್ ಬೇಡ ಪುಟ್ಟಿ. ನಿನ್ನದೂ ವಿಂಡೋಸ್ 7 ಅಲ್ವಾ, ಅದಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಲ್ಲಿಸಿದ್ದಾರೆ.

ಬ್ಲಾಕ್ ಮಾಡಿದ ಮೇಲೆ ಕೇಬಲ್ ಇಲ್ಲಾ ವೈಫೈ ಮತ್ತೆ ಹಾಕಿ, ಆ ಕಂಪ್ಯೂಟರ್‌ನಲ್ಲಿ ಒಂದು ವೆಬ್‌ಸೈಟ್ ತೆರೆದು ನೋಡು, ತೆರೀಬಾರದು. ಒಂದು ಬಿಲ್ ಪ್ರಿಂಟ್ ಕೊಡು, ಬರಬೇಕು. ಎರಡೂ ಆಯಿತು ಅಂದರೆ ಇಲ್ಲಿ ಹಾಕು. ಆಗದಿದ್ದರೆ ರೂಟರ್ ಬುಡದ ಫೋಟೋ ನನಗೊಬ್ಬಳಿಗೇ ಕಳಿಸು, ಪಾಸ್‌ವರ್ಡ್ ಇರುತ್ತೆ, ಗ್ರೂಪಿಗೆ ಹಾಕಬೇಡ. ನಾನು ಎದ್ದೇ ಇರ್ತೀನಿ.